ಗುಣಪಾಲರ ಶಟರು

ಗುಣಪಾಲರ ಜೊತೆ ಡೊಂಬಿವಲಿಯ ಪೇಟೆಯಲ್ಲಿ ನಡೆಯುವುದೆಂದರೆ ತಾಳ್ಮೆಯ ಪರೀಕ್ಷೆ. ಎಲ್ಲಿಯಾದರೂ ಅಂಗಡಿಯ ಶಟರು ಕರಕರನೆ ಮೇಲೇರಿತೋ, ಮಾತು ಅರ್ಧಕ್ಕೇ ನಿಲ್ಲುತ್ತದೆ, ಕತ್ತು ಓರೆಯಾಗುತ್ತದೆ, ಕಡುಬೇಸಿಗೆಯಲ್ಲೂ ಮೈಬಿಡದ ಖಾಕಿ ಕೋಟಿನ ಜೇಬಿನಿಂದ ಎಣ್ಣೆಯ ಕುಪ್ಪಿ ಹೊರಬರುತ್ತದೆ. ಕೇಳದೆ ಎಣ್ಣೆ ಬಿಡಲು ಹೋಗಿ ಈ ಕುಳ್ಳ ಮನುಷ್ಯ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. “ಅದು ಕೂಗ್ತಾ ಉಂಟಲ್ಲ ಮಾರಾಯ್ರೆ, ಬಿಟ್ಟು ಹೋಗುದು ಹೇಗೆ?” ಎಂಬುದೊಂದೇ ಅವರ ಸಮರ್ಥನೆ.

ಕಾರ್ಕಳದಿಂದ ಬಂದು, ಶಟರು ಕೂರಿಸುವುದನ್ನೇ ಬದುಕಾಗಿಸಿಕೊಂಡ ಅವರಿಗೆ ಎರಡು ಸಾವಿರದ ಹನ್ನೊಂದರ ಸುಮಾರಿಗೆ ನಗರಪಾಲಿಕೆಯೊಂದರ ಅಗ್ನಿಶಾಮಕ ಠಾಣೆಯ ಕೆಲಸ ಸಿಕ್ಕಿತು. ಇದು ಚೆನ್ನಾದರೆ ಉಳಿದ ಠಾಣೆಗಳೂ ಅವರಿಗೇ ಎಂಬ ಮಾತಿತ್ತು. ತುಕ್ಕು ತಿಂದ ಹಳೆಯ ಶಟರನ್ನು ಗಂಟೆ ಬಾರಿಸಿದಾಗಲೆಲ್ಲ ಇಬ್ಬರು ಹೆಗಲು ಕೊಟ್ಟೆತ್ತಿ, ಬಿದಿರಿನ ಗಳು ಆನಿಸಿ, ಗಾಡಿಯನ್ನು ಹೊರಬಿಡುವ ಪಾಡು ಅಲ್ಲಿಯದು. ಅದನ್ನು ಕಂಡು ಗುಣಪಾಲರ ಕಣ್ಣು ತೇವವಾಯಿತು. “ಹೊಗೆಯಲ್ಲಿ ಯಾರೋ ಕಾಯ್ತಿರ್ತಾರೆ, ಇಲ್ಲಿ ಇವ್ರು ಬಾಗ್ಲಿನೊಟ್ಟಿಗೆ ಕುಸ್ತಿ ಮಾಡುದಾ?” ಎಂದರು.

ಹೊಸ ಶಟರು ಬೆರಳಿಗೆ ಏಳುವಷ್ಟು ಹಗುರವಾಗಿತ್ತು. ಆದರೆ ಅಂಗಡಿಯ ಶಟರನ್ನು ಯಾರೂ ಪೂರ್ತಿ ಸುತ್ತುವುದಿಲ್ಲ. ಕೊಕ್ಕೆಗೋಲಿಗೆ ಎಟುಕಲೆಂದು ಕೆಳಗಿನ ಪಟ್ಟಿಯನ್ನು ಒಂದಿಷ್ಟು ಇಳಿಬಿಡುವುದು ವಾಡಿಕೆ. ಜೀವಮಾನವೆಲ್ಲ ಅಂಗಡಿಗಳಿಗೇ ದುಡಿದ ಕೈ ಇಲ್ಲಿಯೂ ಹಾಗೆಯೇ ಮಾಡಿತು. ಗಾಡಿಯನ್ನು ದಾಟಿಸಿ ನೋಡಿದರು, ಕೂದಲೆಳೆಯಲ್ಲಿ ದಾಟಿತು.

ಮರುದಿನವೇ ಪಕ್ಕದ ದಿವಾ ಊರಿನ ಕಾಗದದ ಗೋದಾಮಿಗೆ ಬೆಂಕಿ. ಬೆಳಿಗ್ಗೆ ಬಾಣದಂತೆ ಹೊರಟ ಗಾಡಿ ಸಂಜೆ ಮರಳಿ ಒಳಬರುವಾಗ, ನೆತ್ತಿಯ ಕೆಂಪು ದೀಪ ಆ ಪಟ್ಟಿಗೆ ಬಡಿದು ಚೂರುಚೂರಾಯಿತು. ಠಾಣಾಧಿಕಾರಿ ರಮಾಕಾಂತ ಸಾಹೇಬರು ಓಡಿಬಂದು ಚಾಲಕನ ಮೇಲೆ ಹರಿಹಾಯ್ದರು: “ಸಿದ್ರಾಮ, ಕಣ್ಣು ಬಂದ್ ಮಾಡಿ ಗಾಡಿ ಹೊಡೀತೀಯಾ? ನಾಳೆ ಮೆಮೊ ತಗೋ!”

ಮಸಿ ಮೆತ್ತಿದ ಮುಖದ ಸಿದ್ರಾಮ ಕಕ್ಕಾಬಿಕ್ಕಿಯಾದ. “ಮುಂಜಾನಿ ಇದರಾಗಿಂದನ ಹೋಗೀನ್ರಿ ಸಾಹೇಬ್ರ. ಅದ ಗಾಡಿ, ಅದ ಬಾಗಲಾ!”

ಚಿಲ್ಲರೆ ಕೆಲಸ ಮುಗಿಸಲು ಅಲ್ಲೇ ಇದ್ದ ಗುಣಪಾಲರು ಸುಮ್ಮನಿರಬಹುದಿತ್ತು. ಬಗ್ಗಿ ಚಕ್ರದ ಮೇಲಿನ, ಗಾಡಿಯ ಭಾರ ಹೊರುವ ಸ್ಪ್ರಿಂಗಿನ ಪಾಟಾಗಳನ್ನು ನೋಡಿದವರಿಗೆ ಕಾರಣ ಹೊಳೆಯಿತು. “ಅವರ ತಪ್ಪಲ್ಲ ಸಾಹೇಬ್ರೆ. ನೀರು ತುಂಬಿದ ಗಾಡಿ ತಗ್ಗಿರ್ತದೆ, ಖಾಲಿ ಆದ್ರೆ ಮೇಲೇಳ್ತದೆ. ನಾನು ತುಂಬಿದ್ದನ್ನೇ ನೋಡಿ, ಅಂಗಡಿ ಬಾಗ್ಲಿನ ಹಾಗೆ ಪಟ್ಟಿ ಇಳಿಬಿಟ್ಟೆ.”

ಸಾಹೇಬರು ದನಿ ತಗ್ಗಿಸಿದರು. “ವಿಚಾರ ಮಾಡಿ ಹೇಳಿ. ಚೂಕ್ ನಿಮ್ಮದು ಅಂತ ರಿಪೋರ್ಟ್ ಹೋದ್ರೆ ಬಾಕಿ ಠಾಣೆ ಕೆಲಸ ನಿಮಗೆ ಸಿಗೂದಿಲ್ಲ.”

“ಸಿಗದಿದ್ರೆ ಬೇಡ. ಬೆಂಕಿ ಆರಿಸಿ ಬಂದವ್ರ ತಲೆಗೆ ಕಟ್ಟುದು ಬೇಡ.”

ಕೆಲಸ ಕೈತಪ್ಪಿಯೇ ಹೋಯಿತು. ಅವರಿಗೆ ದುಃಖವಾಗಲಿಲ್ಲವೆಂದರೆ ಸುಳ್ಳಾದೀತು. ಹಲವು ದಿನ ಊಟವೂ ಸೇರಲಿಲ್ಲ. ಆದರೂ ಹೊಸ ಗುತ್ತಿಗೆದಾರನನ್ನು ಹುಡುಕಿಕೊಂಡು ಕಲ್ಯಾಣಕ್ಕೆ ಹೋಗಿ, “ಟ್ಯಾಂಕಿ ಖಾಲಿ ಮಾಡಿಸಿ ಅಳತೆ ತೆಗೀರಿ” ಎಂದು ಹೇಳಿ ಬಂದರು.

ಹೊರಡುವವರಿಗೆ ದಾರಿ ಬಿಡುವ ಉತ್ಸಾಹ ಲೋಕದಲ್ಲಿ ಧಾರಾಳವಾಗಿದೆ. ಇದ್ದುದನ್ನೆಲ್ಲ ಸುರಿದು ಬರಿದಾಗಿ ಮರಳುವವರಿಗೂ ಬಾಗಿಲು ಸಾಲಬೇಕೆಂದು ಬಲ್ಲವರು ವಿರಳ. ಅವರು ಹುಟ್ಟಾ ಜ್ಞಾನಿಗಳೇನಲ್ಲ. ಒಮ್ಮೆ ತಪ್ಪಿ, ಆ ತಪ್ಪನ್ನು ದಣಿದವನೊಬ್ಬನ ಮೇಲೆ ಹೊರಿಸಲು ಮನಸ್ಸೊಪ್ಪದೆ ಹೋದವರು, ಅಷ್ಟೇ.