ಪಾಲಿಶ್ ರಾಜ್ಯದ ಹೊಸ ಒಡತಿ

ಸೋಫಾ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ, ಮರದ ಹೊಟ್ಟಿನ ಮೂಟೆಗಳ ಪಕ್ಕ ಒಂದು ಪ್ಲೈವುಡ್ ಹಲಗೆ ಇದೆ. ಬಡಗಿ ಅದರ ಮೇಲೆ ನಾಲ್ಕು ರಾಜ್ಯಗಳ ನಕ್ಷೆ ಕೊರೆದಿದ್ದಾನೆ. ಊಟದ ಡಬ್ಬಿ ಮುಚ್ಚಿದ ಮೇಲೆ ದಿನಕ್ಕೆ ತಲೆಗೊಂದೇ ನಡೆ, ಹಾಗಾಗಿ ಒಂದು ಆಟ ತಿಂಗಳುಗಟ್ಟಲೆ ಎಳೆಯುತ್ತದೆ. ಬಡಗಿಯ ಸೈನ್ಯ ಸ್ಕ್ರೂ, ಲೆಕ್ಕದಮ್ಮನದು ಪೇಪರ್ ಕ್ಲಿಪ್ಪು, ಪಾಲಿಶಿನವನದು ಬಾಟಲಿ ಬಿರಡೆ, ಕುಶನ್ ಹೊಲಿಯುವವನದು ಹಿತ್ತಾಳೆ ಮೊಳೆ. ಕುಶನಿನವನನ್ನು ಎಲ್ಲರೂ ಮಾವ ಅಂತಲೇ ಕರೆಯುವುದು.

ಮಾವ ಒಂದು ಆಟವನ್ನೂ ಗೆದ್ದವನಲ್ಲ. ಈ ಸಲ ಗೆಲುವು ಕೈಗೆಟುಕುವಂತಿತ್ತು. ಅಷ್ಟರಲ್ಲಿ ಪಾಲಿಶಿನವನು ಮಗಳ ಊರಿಗೆ ಹೊರಟುಹೋದ. ಆ ಜಾಗಕ್ಕೆ ಹೆಂಗಸೊಬ್ಬಳು ಕೆಲಸಕ್ಕೆ ಬರುವುದರೊಳಗೆ, ಆಡುವವರಿಲ್ಲದ ರಾಜ್ಯವನ್ನು ಮಾವ ಅಂಚಿನಿಂದ ಕಚ್ಚಿ ಕಚ್ಚಿ ಒಂದು ಕೋಟೆಗೆ ಇಳಿಸಿದ್ದ.

ಹೊಸಬಳನ್ನು ಹಲಗೆಯ ಮುಂದೆ ಕೂರಿಸಿ ಬಡಗಿ, ಇವಳಿಗೆ ಒಂದು ಹಿಡಿ ಬಿರಡೆ ಜಾಸ್ತಿ ಕೊಡೋಣ, ಒಂದು ವಾರ ಯಾರೂ ಇವಳ ಮೇಲೆ ಬೀಳೋದು ಬೇಡ ಅಂದ. ಮಾವನಿಗೆ ಪಿತ್ತ ನೆತ್ತಿಗೇರಿತು.

"ನಾನು ಚಳಿಗಾಲದಿಂದ ಒಂದೊಂದೇ ಮೊಳೆ ಕೂಡಿಸಿದೀನಿ. ನಿನ್ನೆ ಬಂದವರಿಗೆ ಪುಕ್ಕಟೆ ಸೈನ್ಯವಾ?"

ಹೊಸಬಳು ಬಿರಡೆಗಳನ್ನು ಡಬ್ಬಿಗೆ ವಾಪಸು ಸುರಿದಳು. "ಇಟ್ಕೊಳ್ಳಿ ಮಾವ. ನನಗೆ ಭಿಕ್ಷೆ ಬೇಡ."

ಎರಡೇ ಮಧ್ಯಾಹ್ನದಲ್ಲಿ ಮಾವ ಅವಳ ಕೋಟೆ ನುಂಗಿದ. ಆ ರಾಜ್ಯವಿದ್ದದ್ದು ನಟ್ಟನಡುವೆ. ಅಲ್ಲಿ ಕಾಲೂರಿದ ಮೇಲೆ ಬಡಗಿಯ ತಲೆಬಾಗಿಲೂ ಅವನದೇ, ಲೆಕ್ಕದಮ್ಮನ ಹಿತ್ತಿಲೂ ಅವನದೇ. ಮರುದಿನದಿಂದ ಯಾರೂ ಹಲಗೆಯ ಹತ್ತಿರ ಸುಳಿಯಲಿಲ್ಲ. ಬಡಗಿ ಉಂಡವನೇ ಮೂಟೆಗೆ ಒರಗಿ ಗೊರಕೆ ಹೊಡೆಯತೊಡಗಿದ. ಹೊಸಬಳು ಹೊರಗಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಉಂಡಳು. ಮಾವ ಹಲಗೆಯ ಮುಂದೆ ಕೂತು ಸರದಿ ಸರದಿ ಅಂತ ಕೂಗಿದ್ದೇ ಬಂತು.

ಯಾಕೆ ಆಡಲ್ಲ ಅಂತ ಲೆಕ್ಕದಮ್ಮನನ್ನು ತಡೆದು ಕೇಳಿದ. ಆಕೆ ಕನ್ನಡಕ ತೆಗೆದಳು.

"ಪಕ್ಕದವನು ಎದ್ದುಹೋದದ್ದು ನಿನ್ನ ಜಾಣತನವೇನಪ್ಪಾ? ಬಿರಡೆ ಕೊಡೋಣ ಅಂದದ್ದು ಅವಳಿಗೋಸ್ಕರ ಅಲ್ಲ, ಆಟ ಉಳೀಲಿ ಅಂತ."

ಮಾವ ಧುಮುಗುಡುತ್ತ ಹೊಲಿಗೆಗೆ ಕೂತ. ಆ ಸಿಟ್ಟಿನಲ್ಲಿ ಒಂದು ದಿಂಬಿನ ಹೊಲಿಗೆ ಸೊಟ್ಟ ಹಾಕಿದ, ಬಿಚ್ಚಿದ, ಮತ್ತೆ ಸೊಟ್ಟ ಹಾಕಿದ.

ಮರುದಿನ ಎಲ್ಲರಿಗಿಂತ ಮೊದಲೇ ಬಂದು, ಹಳೆಯ ಪಾಲಿಶಿನವನು ಊರು ಬಿಟ್ಟ ದಿನ ಗಡಿ ಎಲ್ಲಿತ್ತೋ ಅಲ್ಲಿಗೆ ತನ್ನ ಮೊಳೆಗಳನ್ನು ತಾನೇ ಹಿಂದಕ್ಕೆ ಸರಿಸಿದ. ಖಾಲಿಯಾದ ಜಾಗಕ್ಕೆ ಬಿರಡೆ ತುಂಬಿದ. ಮಧ್ಯಾಹ್ನ ಮೆಟ್ಟಿಲ ಹತ್ತಿರ ಹೋಗಿ ನಿಂತ.

"ಭಿಕ್ಷೆ ಅಲ್ಲಮ್ಮ. ಆಡೋರಿಲ್ಲದಾಗ ನಾನು ಲಪಟಾಯಿಸಿದ್ದು, ವಾಪಸು ಇಟ್ಟಿದೀನಿ. ಒಂದು ವಾರ ಮುಟ್ಟಲ್ಲ."

"ವಾರ ಆದಮೇಲೆ?"

"ಆಮೇಲೆ ನಿನ್ನ ಚರ್ಮ ಸುಲಿದು ಸೋಫಾಕ್ಕೆ ಹೊದಿಸ್ತೀನಿ."

ಅವಳು ನಕ್ಕಳು. ಶೆಡ್ಡಿಗೆ ಬಂದ ಮೇಲೆ ಅದೇ ಮೊದಲು. ಡಬ್ಬಿ ಎತ್ತಿಕೊಂಡು ಒಳಗೆ ಬಂದು ಕೂತಳು. ಬಡಗಿಯ ಗೊರಕೆ ತಾನಾಗಿ ನಿಂತಿತು.

ಆ ಆಟವನ್ನು ಮಾವ ಸೋತ. ಅವಳೂ ಲೆಕ್ಕದಮ್ಮನೂ ಒಂದಾಗಿ ಅವನ ರಾಜಧಾನಿಗೇ ನುಗ್ಗಿದರು. ಅವನು ಹಾರಾಡಿದ, ಹಲಗೆ ಕುಟ್ಟಿದ, ಇಬ್ಬರನ್ನೂ ಬಾಯಿಗೆ ಬಂದಂತೆ ಬೈದ. ಬೈದು ಸುಸ್ತಾದ ಮೇಲೆ ನೋಡುತ್ತಾನೆ, ನಾಲ್ಕೂ ಜನ ಹಲಗೆಯ ಸುತ್ತ ಇದ್ದಾರೆ, ಮುಂದಿನ ಆಟಕ್ಕೆ ಬಡಗಿ ಆಗಲೇ ಸ್ಕ್ರೂ ಜೋಡಿಸುತ್ತಿದ್ದಾನೆ.

ವಾಪಸು ಕೊಟ್ಟದ್ದನ್ನೂ ಅವಳು ಬೇಡ ಅಂದಿದ್ದರೆ ತನ್ನ ಗತಿ ಏನು ಅಂತ ಮಾವ ಈಗಲೂ ನೆನೆಸಿಕೊಳ್ಳುತ್ತಾನೆ. ಉಪಕಾರವಾಯಿತು ಅನ್ನುವ ಮಾತು ಮಾತ್ರ ಅವನ ಬಾಯಿಂದ ಹೊರಡುವುದಿಲ್ಲ. ಕುಶನ್ ಹೊಲಿದು ಉಳಿದ ಹತ್ತಿಬಟ್ಟೆಯಲ್ಲಿ ಮೆತ್ತನೆಯದನ್ನೇ ಆರಿಸಿ, ಪಾಲಿಶ್ ಉಜ್ಜಲಿಕ್ಕೆ ಇರಲಿ ಅಂತ ಅವಳ ಬಾಟಲಿಗಳ ಪಕ್ಕ ಇಟ್ಟು ಹೋಗುತ್ತಾನೆ. ಅವಳೂ ಯಾರು ಇಟ್ಟದ್ದು ಅಂತ ಕೇಳುವುದಿಲ್ಲ.