ಕರಾರಿನಲ್ಲಿ ಇಲ್ಲದ ಮೂರಕ್ಷರ

ಐವತ್ತೆರಡರ ವಿಧವೆ ಇನ್ಶಿರಾ ಸ್ಲೇಟು ಹಿಡಿದಾಗ ಊರು ನಕ್ಕಿತು. ನಗಲಿ ಬಿಡಿ, ನಕ್ಕವರ ಹಲ್ಲೇ ಕಾಣುವುದು. ಗಂಡ ಸತ್ತಾಗ ಮೈದುನರು ಹಿಡಿದ ಕಾಗದಕ್ಕೆ ಅವಳು ಹೆಬ್ಬೆಟ್ಟೊತ್ತಿದ್ದಳು. ಹೊಲ ಕೈಬಿಟ್ಟುಹೋಗಿದೆಯೆಂದು ತಿಳಿದದ್ದು ವರ್ಷದ ಮೇಲೆ. ಮಗಳು ರಾವಿಯಾಳ ನಿಕಾಹ್ ಕಾಗದದಲ್ಲಿ ಹಾಗಾಗಬಾರದು. ಹುಡುಗಿ ಸೊಹಾಗ್ ಪಟ್ಟಣದಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ಮದುವೆಯಾದ ಮೇಲೂ ಓದಿಸಬೇಕೆಂಬ ಕರಾರು ಆ ಕಾಗದದಲ್ಲಿರಬೇಕು, ಅದನ್ನು ತಾನೇ ಓದಿ ನೋಡಬೇಕು ಎಂಬುದೊಂದೇ ಅವಳ ಹಟ.

ಎರಡು ವರ್ಷ ಸಂಜೆ ಪಾಠಕ್ಕೆ ಹೋದಳು. ಪುಸ್ತಕದಲ್ಲಿ ಅರಬ್ಬಿ ಅಕ್ಷರದ ಮೇಲೂ ಕೆಳಗೂ ಸ್ವರದ ಗುರುತುಗಳಿದ್ದವು, ಓದಿದಳು. ಪತ್ರಿಕೆ ಕೊಟ್ಟರೆ ಒಂದು ಗುರುತೂ ಇಲ್ಲ. ಅತ್ತೇಬಿಟ್ಟಳು. ಮೂರಕ್ಷರದ ಬೇರು ಹಿಡಿ, ಸ್ವರ ನಿನ್ನ ನಾಲಗೆಗೇ ಗೊತ್ತಿದೆ ಎಂದರು ಪಾಠ ಹೇಳುವ ಮೇಡಂ. ದ, ರ, ಸ ಒಟ್ಟಿಗೆ ಕಂಡರೆ ಅಲ್ಲಿ ಓದಿನ ಮಾತಿದೆ ಎಂದುಕೋ. ಪಾಠ ಎನ್ನುವ ‘ದರ್ಸ್’ ಕೂಡ ಆ ಬೇರಿನದೇ, ಮದರಸಾವೂ ಅದರದೇ.

ನಿಕಾಹ್ ದಿನ ಗಂಡಸರ ನಡುವೆ ನುಗ್ಗಿ, ನಿಕಾಹ್ ಮಾಡಿಸುವ ಶೇಖ್ ಸಾಹೇಬರ ಮುಂದಿದ್ದ ಕಾಗದ ಎತ್ತಿಕೊಂಡಳು. ಬೆರಳಿಟ್ಟು ಸಾಲು ಸಾಲಾಗಿ ಹುಡುಕಿದಳು. ಆ ಮೂರಕ್ಷರ ಎಲ್ಲೂ ಇರಲಿಲ್ಲ. ಹುಡುಗಿಯ ಪರವಾಗಿ ಕೂತಿದ್ದ ಇನ್ಶಿರಾಳ ತಮ್ಮ ಫಿಕ್ರಿ ಮುಖ ತಗ್ಗಿಸಿದ. ಬಾಯಿಮಾತು ಸಾಲದೇನು, ನಮ್ಮ ಮೇಲೆ ನಂಬಿಕೆಯಿಲ್ಲವೇ ಎಂದು ವರನ ತಂದೆ ಹಾಜಿ ತಮ್ಮಾಮ್ ಗದರಿದ.

ಬಾಗಿಲಲ್ಲಿ ನಿಂತಿದ್ದ ರಾವಿಯಾ ಮೆಲ್ಲಗೆ ಅಂದಳು, "ನಾನೇ ಬಿಟ್ಬಿಡಿ ಅಂದೆ ಅಮ್ಮಾ. ಬರೆಸಿದ್ರೆ ಇವರು ಸಂಬಂಧ ಬೇಡ ಅಂತಿದ್ರು."

ಎರಡು ವರ್ಷ ಯಾರಿಗಾಗಿ ಒದ್ದಾಡಿದ್ದು? ಇನ್ಶಿರಾ ಕಾಗದವನ್ನು ಮಗಳತ್ತ ಚಾಚಿದಳು.

"ಹಂಗಾದ್ರೆ ನೀನೇ ಓದವ್ವ, ಎಲ್ಲರಿಗೂ ಕೇಳೋ ಹಂಗೆ. ಆಮೇಲೆ ನಾನು ತುಟಿ ಬಿಚ್ಚಲ್ಲ."

ರಾವಿಯಾ ಓದಿದಳು. ಗುರುತಿಲ್ಲದ ಅಕ್ಷರಗಳು ಅವಳ ಬಾಯಲ್ಲಿ ಎಲ್ಲೂ ತಡವರಿಸಲಿಲ್ಲ. ಅಷ್ಟು ಚೆಂದದ ಓದನ್ನು ಕೇಳುತ್ತ ತಾಯಿಗೆ ಹೆಮ್ಮೆಯೂ ಸಂಕಟವೂ ಒಟ್ಟಿಗೇ ಉಕ್ಕಿದವು. ಕೊನೆಯ ಸಾಲಿಗೆ ಬಂದಳು: "ವಿಶೇಷ ಕರಾರು, ಯಾವುದೂ ಇಲ್ಲ." ಅದೇ ಸಾಲನ್ನು ಮತ್ತೊಮ್ಮೆ ತನ್ನಷ್ಟಕ್ಕೆ ಓದಿಕೊಂಡಳು.

"ಶೇಖ್ ಸಾಹೇಬ್ರೇ, ಬರೀರಿ," ಅಂದಳು. "ನಾನು ಓದು ಮುಗಿಸ್ತೀನಿ ಅಂತ ಬರೀರಿ."

ಹಾಜಿ ತಮ್ಮಾಮ್ ಎದ್ದು ಚಪ್ಪಲಿ ಮೆಟ್ಟಿದ. ವರ ಹಿಲಾಲ್ ಅಪ್ಪನ ಮುಖ ನೋಡಿದ, ರಾವಿಯಾಳ ಮುಖ ನೋಡಿದ, ಅಪ್ಪನ ಹಿಂದೆಯೇ ಹೋದ. ರಾವಿಯಾ ನಿಂತೇ ಇದ್ದಳು. ಇನ್ಶಿರಾ ಅವಳ ಕಾಲ ಬಳಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು.