ಗಾಜಿನ ಹಿಂದೆ ನಿಂತವರು

ಬಟ್ಟೆ ಅಂಗಡಿ ಸಾಹುಕಾರನ ಮಗ ಮೈಕು ಹಿಡಿದು ವಿದ್ಯಾರ್ಥಿವೇತನ ಸ್ಪರ್ಧೆಯ ಇತಿಹಾಸ ಕೊರೆಯುತ್ತಿದ್ದ. ಐವತ್ತು ವರ್ಷದ ಹಿಂದೆ ಅವನಪ್ಪ, ಹೆಣ್ಣುಮಕ್ಕಳು ಓದಲಿ ಎಂಬ ಒಂದೇ ಆಸೆಯಿಂದ ಇದನ್ನು ಶುರುಮಾಡಿದನಂತೆ. ಆಸೆಯಂತೆ, ಆಸೆ! ಅಂಗಡಿಯ ಹೊಸ ಬಟ್ಟೆ ತೊಡಿಸಿ, ಬೀದಿಗೆ ಕಾಣುವ ಗಾಜಿನ ಹಿಂದೆ ಹುಡುಗಿಯರನ್ನು ಬೊಂಬೆಗಳ ಹಾಗೆ ನಿಲ್ಲಿಸಿದ್ದ. ಅಲುಗಾಡಿದವಳು ಔಟ್. ಕೊನೆಗೆ ಉಳಿದವಳಿಗೆ ಕಾಲೇಜಿನ ಖರ್ಚು. ಆ ಮೊದಲ ವರ್ಷ ಗೆದ್ದವಳು ನನ್ನಮ್ಮ.

"ಆಮೇಲೆ ಬರೀ ಪ್ರಬಂಧ, ಭಾಷಣ ಅಂತ ಆಗೋಯ್ತು. ಈ ಸಲ ಸುವರ್ಣ ವರ್ಷ ನೋಡಿ, ಹಳೇ ಪದ್ಧತೀನೇ ವಾಪಸ್ ತಂದಿದೀವಿ," ಎಂದು ಹಲ್ಲು ಕಿರಿದ. ಜನ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಗಾಜಿನ ಹಿಂದೆ ನಿಂತವರಲ್ಲಿ ನನ್ನ ಮಗಳೂ ಇದ್ದಳು.

ಅಮ್ಮ ಗಣಿತದ ಟೀಚರ್ ಆಗಿ ನಿವೃತ್ತಳಾದವಳು. ಮೊದಲು ಗೆದ್ದವಳೆಂದು ಅವಳಿಗೆ ಸನ್ಮಾನದ ಶಾಲು ಹೊದಿಸಿ, ಎರಡು ಮಾತಾಡಿ ಅಂದರು.

"ನನ್ನ ಪಕ್ಕ ನಿಂತಿದ್ದವಳು ತಲೆ ತಿರುಗಿ, ಗಾಜಿಗೆ ಮುಖ ಬಡಿದು ಬಿದ್ದಳು. ಹಲ್ಲು ಮುರೀತು. ನಿಮ್ಮಪ್ಪ ಗಾಜಿನ ಮೇಲಿದ್ದ ರಕ್ತ ಒರೆಸೋಕೆ ಹೇಳಿ, ಮುಂದುವರೀಲಿ ಅಂದ್ರು."

ಸಾಹುಕಾರನ ಮಗನ ಮುಖ ಹುಳ್ಳಗಾಯಿತು. ಮೈಕು ಕಿತ್ತುಕೊಂಡ. ಅಮ್ಮ ಶಾಲು ಅಲ್ಲೇ ಬಿಸಾಕಿ, ಪಕ್ಕದ ಬಾಗಿಲಿಂದ ಗಾಜಿನ ಕೋಣೆಗೆ ನುಗ್ಗಿದಳು. ನಾನೂ ಹಿಂದೆಯೇ ಓಡಿದೆ.

"ಎಲ್ಲರೂ ಒಟ್ಟಿಗೆ ಕೂತ್ಕೊಂಡ್ಬಿಡಿ. ಆಗ ಯಾರನ್ನ ಸೋಲಿಸ್ತಾನೆ ಇವನು?"

ಒಬ್ಬಳೂ ಮಿಸುಕಲಿಲ್ಲ. ನನ್ನ ಮಗಳು ಮಾತ್ರ ತುಟಿ ಅಲುಗಿಸದೆ ಹಲ್ಲಿನ ನಡುವಿಂದ ಅಂದಳು: "ಅಜ್ಜಿ, ಆಚೆ ಹೋಗಿ. ನೀವು ಗೆದ್ದು ಓದಿದ್ರಿ. ನಾನು ಓದೋದು ಬೇಡ್ವಾ?"

"ಅಜ್ಜಿ ಹತ್ರ ಹೀಗಾ ಮಾತಾಡೋದು?" ಎಂದು ನಾನು ಗದರಿದೆ.

"ನೀನು ಕಟ್ತೀಯೇನಮ್ಮ ಫೀಸು?"

ಅವಳ ಮೇಲೆ ಆ ಕ್ಷಣ ನನಗೆ ಸಿಟ್ಟೇ ಬಂತು. ಅವಳು ಹೇಳಿದ್ದು ನಿಜವಾದ್ದರಿಂದ ಇನ್ನೂ ಹೆಚ್ಚು.

ಗಾಜಿನಾಚೆ ಜನ ಮೊಬೈಲು ಎತ್ತಿ ನಿಂತಿದ್ದರು. ಅಮ್ಮ ಮೊಮ್ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮಗಳ ಬಟ್ಟೆಯ ಅಂಚು ಸಣ್ಣಗೆ ನಡುಗುತ್ತಿತ್ತು.

"ಮೊಣಕಾಲು ಬಿಗಿ ಹಿಡ್ಕೊಂಡಿದೀಯ. ಸ್ವಲ್ಪ ಸಡಿಲ ಬಿಡು. ಬಿಗಿ ಹಿಡಿದವರೇ ಮೊದಲು ಬೀಳೋದು," ಎಂದಳು ಅಮ್ಮ, ಅವಳ ಕಿವಿಗೆ ಬಾಯಿಟ್ಟು, ಪಕ್ಕದ ಹುಡುಗಿಗೆ ಕೇಳಿಸದಷ್ಟು ಮೆಲ್ಲಗೆ.